ಬಾಗಿದಾಗ ಗೆರೆ ಸಪಾಟಾಯ್ತು, ನನ್ನ ನಡ ಹೋಯ್ತೇನ್ರಿ?

ಓದುಗರ ಪ್ರಶ್ನೆಗಳಿಗೆ ಬಾಗಲಕೋಟೆಯ ಫಿಸಿಯೋಥೆರಪಿಸ್ಟ್ ಉತ್ತರ

ಪ್ರಶ್ನೆ: ಅಕ್ಕಾರೇ, ನಾನು ಕಬ್ಬು ಕಡಿಯುವ ಗ್ಯಾಂಗಿನವನು. ವಯಸ್ಸು 42. ಸೀಜನ್ ಶುರುವಾದರೆ ನಡ ಹಿಡಿಯುತ್ತದೆ. ಊರಿಗೆ ಬಂದ ಕ್ಯಾಂಪಿನಲ್ಲಿ ಕಾಲೇಜಿನ ಹುಡುಗರು ನನ್ನ ಬೆನ್ನಿಗೆ ಬಿಲ್ಲೆಯಂಥದ್ದು ಅಂಟಿಸಿ, ಬಾಗಲು ಹೇಳಿದರು. ಬಾಗುವಾಗ ಕಂಪ್ಯೂಟರಿನಲ್ಲಿ ಗೆರೆ ಕುಣಿಯಿತು. ಪೂರ್ತಿ ಬಾಗಿ ನಿಂತ ಮೇಲೆ ಸಪಾಟಾಯ್ತು. ನಡದ ನರ ಸತ್ತಿದೆ, ಅದಕ್ಕೇ ಹಾಗೆ ಅಂತ ನಮ್ಮವರು ಹೇಳುತ್ತಿದ್ದಾರೆ. ನಿಜವೇ? ಆಪರೇಷನ್ ಬೇಕಾ?
— ಮುಧೋಳ ತಾಲ್ಲೂಕಿನ ಓದುಗರು

ಉತ್ತರ: ಅಣ್ಣಾರೇ, ನಿಮ್ಮ ನಡದ ನರ ಸತ್ತಿಲ್ಲ. ಪೂರ್ತಿ ಬಾಗಿದಾಗ ಗೆರೆ ಸಪಾಟಾಗಲೇಬೇಕು. ಆಗದಿದ್ದರೆ ನಾನು ಯೋಚನೆ ಮಾಡುತ್ತಿದ್ದೆ.

ಆ ಪರೀಕ್ಷೆಗೆ ಇಎಂಜಿ ಅನ್ನುತ್ತಾರೆ. ಸ್ನಾಯು ಕೆಲಸ ಮಾಡಬೇಕಾದರೆ ಬೆನ್ನುಹುರಿಯಿಂದ ನರದ ಮೂಲಕ ಅದಕ್ಕೆ ಸಂದೇಶ ಬರಬೇಕು. ಸಂದೇಶ ಬಂದ ಕೂಡಲೇ ಸ್ನಾಯುವಿನ ಎಳೆಗಳ ಉದ್ದಕ್ಕೂ ಸಣ್ಣ ವಿದ್ಯುತ್ ಅಲೆ ಓಡುತ್ತದೆ. ಚರ್ಮದ ಮೇಲೆ ಸಿಗುವುದು ಒಂದು ವೋಲ್ಟಿನ ಸಾವಿರದಲ್ಲಿ ಕೆಲವೇ ಪಾಲು, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಬಿಲ್ಲೆ ಅದನ್ನು ಹಿಡಿಯುತ್ತದೆ, ಯಂತ್ರ ದೊಡ್ಡದು ಮಾಡಿ ತೋರಿಸುತ್ತದೆ. ಬಿಲ್ಲೆಯಿಂದ ನಿಮ್ಮ ಮೈಗೆ ಕರೆಂಟ್ ಬರುವುದಿಲ್ಲ. ನಿಮ್ಮ ಮೈಯೊಳಗಿನದನ್ನೇ ಅದು ಓದುತ್ತದೆ.

ನೀವು ಬಾಗಲು ಶುರು ಮಾಡಿದಾಗ ಬೆನ್ನಿನ ಸ್ನಾಯುಗಳು ನಿಮ್ಮನ್ನು ಹಿಡಿದು ನಿಧಾನವಾಗಿ ಕೆಳಗೆ ಬಿಡುತ್ತವೆ. ಆಗ ಗೆರೆ ಕುಣಿಯುತ್ತದೆ. ಪೂರ್ತಿ ಬಾಗಿದ ಮೇಲೆ ಮೈಭಾರವನ್ನು ಬೆನ್ನೆಲುಬಿನ ಹಿಂದಿನ ಪಟ್ಟಿಗಳು ಮತ್ತು ಬಿಗಿಯಾಗಿ ಹಿಗ್ಗಿದ ಭಾಗಗಳು ಹೊರುತ್ತವೆ. ಮೇಲುಪದರದ ಸ್ನಾಯುವಿಗೆ ಆಗ ಕೆಲಸವಿಲ್ಲ, ಅದು ಸುಮ್ಮನಾಗುತ್ತದೆ. ಇದನ್ನು ಇಂಗ್ಲೆಂಡಿನ ಫ್ಲಾಯ್ಡ್ ಮತ್ತು ಸಿಲ್ವರ್ 1950ರ ದಶಕದಲ್ಲೇ ಬಿಲ್ಲೆ ಅಂಟಿಸಿ ತೋರಿಸಿದರು. ಸೊಂಟನೋವು ಹಳೆಯದಾಗಿರುವ ಬಹಳ ಜನರಲ್ಲಿ ಈ ಗೆರೆ ಸಪಾಟಾಗುವುದೇ ಇಲ್ಲ. ನೋವಿಗೆ ಹೆದರಿ ಸ್ನಾಯು ಬಿಗಿಹಿಡಿದುಕೊಂಡೇ ಇರುತ್ತದೆ. ಕ್ಯಾಂಪಿನ ದಿನ ನಿಮ್ಮ ನಡ ಹಾಗೆ ಬಿಗಿಹಿಡಿದಿರಲಿಲ್ಲ. ಇದು ಒಳ್ಳೆಯ ಸುದ್ದಿ. ಆ ಹುಡುಗರು ಇಷ್ಟನ್ನು ನಿಮಗೆ ಅಲ್ಲೇ ಹೇಳಬೇಕಿತ್ತು. ಪರೀಕ್ಷೆ ಮಾಡಿ ಅರ್ಥ ಹೇಳದೆ ಕಳಿಸುವುದು ನನಗೆ ಒಪ್ಪಿಗೆಯಿಲ್ಲ.

ಆದರೆ ನಿಮ್ಮ ಕೆಲಸದ ದೃಷ್ಟಿಯಿಂದ ಇಲ್ಲೊಂದು ಮುಖ್ಯ ವಿಷಯ ಇದೆ. ಬುಡಕ್ಕೆ ಕಡಿಯಲು ಬಹಳ ಹೊತ್ತು ಬಾಗಿದ್ದರೆ ಆ ಪಟ್ಟಿಗಳು ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತವೆ. ಸ್ನಾಯು ಸರಿಯಾದ ಸಮಯಕ್ಕೆ ಎಚ್ಚರವಾಗುವುದೂ ತಡವಾಗುತ್ತದೆ. ಅದೇ ಗಳಿಗೆಯಲ್ಲಿ ಕಬ್ಬಿನ ಹೊರೆ ಎತ್ತಿದರೆ ನಡ ಹಿಡಿಯುವ ಸಾಧ್ಯತೆ ಜಾಸ್ತಿ. ಆದ್ದರಿಂದ ಕಡಿಯುವುದನ್ನು ನಿಲ್ಲಿಸಿದ ಕೂಡಲೇ ಹೊರೆಗೆ ಕೈ ಹಾಕಬೇಡಿ. ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು ಐದಾರು ಸಲ ಹಿಂದಕ್ಕೆ ವಾಲಿ. ನಾಲ್ಕು ಹೆಜ್ಜೆ ಓಡಾಡಿ. ಆಮೇಲೆ ಹೊರೆ. ಟನ್ನಿನ ಲೆಕ್ಕದಲ್ಲಿ ಕೂಲಿ, ಕೈ ನಿಂತರೆ ದುಡ್ಡೂ ನಿಲ್ಲುತ್ತದೆ ಅಂತ ನನಗೆ ಗೊತ್ತು. ಅದಕ್ಕೇ ಒಂದು ನಿಮಿಷದಲ್ಲಿ ಮುಗಿಯುವುದನ್ನು ಮಾತ್ರ ಹೇಳುತ್ತಿದ್ದೇನೆ. ಗ್ಯಾಂಗಿನಲ್ಲಿ ಕಡಿಯುವವರು, ಟ್ರೇಲರಿಗೆ ಹೇರುವವರು ಬೇರೆ ಬೇರೆ ಆಗುವಂತೆ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಆಪರೇಷನ್ ಬೇಕೋ ಬೇಡವೋ ಅಂತ ಈ ಗೆರೆ ನೋಡಿ ಯಾರೂ ಹೇಳಲಾಗದು. ಕಾಲಿಗೆ ಹಿಡಿದ ಜೋಮು ಬಿಡದೇ ಇದ್ದರೆ, ಪಾದ ಎತ್ತಲು ಆಗದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ 16 ವರ್ಷ. ಸೈಕ್ಲಿಂಗ್‌ನಲ್ಲಿ ರಾಜ್ಯ ಮಟ್ಟಕ್ಕೆ ಹೋಗುವ ಆಸೆ. ಮೂರು ತಿಂಗಳಿಂದ ಬಲ ಮೊಣಕಾಲಿನ ಮುಂಭಾಗ ನೋವು, ಆಗಾಗ ಬಾವು. ಸೈಕಲ್ ತುಳಿಸಿ ಇಎಂಜಿ ಮಾಡಿಸಿದೆವು. ವರದಿಯಲ್ಲಿ ಎಡ ತೊಡೆ 61, ಬಲ ತೊಡೆ 84 ಪರ್ಸೆಂಟ್ ಅಂತಿದೆ. ಬಲಗಾಲು ಗಟ್ಟಿ, ಎಡಗಾಲು ವೀಕ್, ಎಡಗಾಲಿಗೆ ವ್ಯಾಯಾಮ ಮಾಡಿಸಿ ಅಂದರು. ನೋವು ಇರುವುದು ಬಲಗಾಲಿಗೆ! ನನಗೆ ತಲೆಬುಡ ತಿಳಿಯುತ್ತಿಲ್ಲ.
— ಒಬ್ಬ ತಾಯಿ, ವಿಜಯಪುರ

ಉತ್ತರ: ತಾಯಿ, ನಿಮ್ಮ ಅನುಮಾನ ಸರಿಯಾಗಿದೆ. ಆ ವರದಿ ಓದಿದ ರೀತಿಯಲ್ಲೇ ತಪ್ಪಿದೆ ಅನ್ನಿಸುತ್ತದೆ.

84 ಪರ್ಸೆಂಟ್ ಅಂದರೆ ಯಾವುದರ 84? ಮೊದಲು ಕೇಳಬೇಕಾದ ಪ್ರಶ್ನೆ ಇದು. ಬಿಲ್ಲೆಯಿಂದ ಬರುವ ಅಂಕಿಯನ್ನು ಹಾಗೇ ಹೋಲಿಸಲು ಬರುವುದಿಲ್ಲ. ಚರ್ಮದ ಕೆಳಗಿನ ಕೊಬ್ಬು ಜಾಸ್ತಿಯಿದ್ದರೆ ಅಂಕಿ ಇಳಿಯುತ್ತದೆ. ಬಿಲ್ಲೆ ಸ್ವಲ್ಪ ಸರಿದರೂ ಬದಲಾಗುತ್ತದೆ. ಎಡಗಾಲಿಗೂ ಬಲಗಾಲಿಗೂ, ಇವತ್ತಿಗೂ ನಾಳೆಗೂ ವ್ಯತ್ಯಾಸ ಬರುತ್ತದೆ. ಅದಕ್ಕಾಗಿ ಮೊದಲು ಹುಡುಗನಿಗೆ ಪೂರ್ತಿ ಶಕ್ತಿ ಹಾಕಿ ಕಾಲು ಒತ್ತಲು ಹೇಳಿ, ಆಗ ಬಂದ ಅಂಕಿಯನ್ನು 100 ಅಂತ ಇಟ್ಟುಕೊಳ್ಳುತ್ತಾರೆ. ಸೈಕಲ್ ತುಳಿಯುವಾಗಿನ ಅಂಕಿಯನ್ನು ಆ 100ಕ್ಕೆ ಹೋಲಿಸುತ್ತಾರೆ.

ನೋವಿರುವ ಕಾಲಿನಲ್ಲಿ ಆ 100 ಪೂರ್ತಿ ಬರುತ್ತದೆಯೇ? ಬರುವುದಿಲ್ಲ. ಮೊಣಕಾಲಿನಲ್ಲಿ ನೋವು, ನೀರು ಇದ್ದರೆ ಬೆನ್ನುಹುರಿಯ ಮಟ್ಟದಲ್ಲೇ ತೊಡೆಯ ಮುಂಭಾಗದ ಸ್ನಾಯುವಿಗೆ ತಡೆ ಬೀಳುತ್ತದೆ. ಹುಡುಗ ಎಷ್ಟೇ ಮನಸ್ಸು ಮಾಡಿದರೂ ಸ್ನಾಯು ಪೂರ್ತಿ ಏಳುವುದಿಲ್ಲ. ಇದನ್ನು ಆರೋಗ್ಯವಂತರ ಮೊಣಕಾಲಿಗೆ ಉಪ್ಪುನೀರು ತುಂಬಿ ಪರೀಕ್ಷಿಸಿದ್ದಾರೆ. ನೋವಿಲ್ಲದಿದ್ದರೂ, 20–30 ಮಿಲಿಲೀಟರ್ ನೀರಿಗೇ ತೊಡೆಯ ಒಳಬದಿಯ ಸ್ನಾಯು ಮಂಕಾಯಿತು.

ಈಗ ಲೆಕ್ಕ ನೋಡಿ. ಎಡಗಾಲಿನ ಪೂರ್ತಿ ಶಕ್ತಿಗೆ 1000 ಅಂಕಿ ಬಂತು, ತುಳಿಯುವಾಗ 610 ಅಂತಿಟ್ಟುಕೊಳ್ಳಿ. 61 ಪರ್ಸೆಂಟ್. ಬಲಗಾಲಿಗೂ 1000 ಬರಬೇಕಿತ್ತು, ನೋವಿನಿಂದ 700 ಮಾತ್ರ ಬಂತು. ತುಳಿಯುವಾಗ 588. ಇದು 84 ಪರ್ಸೆಂಟ್! ತಕ್ಕಡಿಯ ಕಲ್ಲೇ ಹಗುರವಾದರೆ ಮಾಲಿನ ತೂಕ ಜಾಸ್ತಿ ಕಾಣುತ್ತದೆ ಅಲ್ವಾ, ಹಾಗೆ. ಇವು ತಿಳಿಯಲೆಂದು ನಾನು ಹಾಕಿದ ಅಂಕಿಗಳು. ವರದಿಯ ಮೂಲ ಅಂಕಿಗಳನ್ನು ನೀವು ಕೇಳಿ ಪಡೆಯಿರಿ. ಕೇಳುವ ಹಕ್ಕು ನಿಮಗಿದೆ. ಪೂರ್ತಿ ಶಕ್ತಿ ಹಾಕಿಸಿದಾಗ ಹುಡುಗನಿಗೆ ನೋವಿತ್ತೇ ಅಂತ ಯಾರಾದರೂ ಬರೆದಿಟ್ಟಿದ್ದಾರೆಯೇ ನೋಡಿ.

ಇನ್ನೊಂದು ಮಾತು. ಇಎಂಜಿ ಶಕ್ತಿಯನ್ನು ಅಳೆಯುವುದಿಲ್ಲ. ಸ್ನಾಯುವಿಗೆ ಎಷ್ಟು ಆದೇಶ ಹೋಗುತ್ತಿದೆ ಅನ್ನುವುದನ್ನು ಅಂದಾಜಾಗಿ ತೋರಿಸುತ್ತದೆ. ಸೋತ ಸ್ನಾಯು ಅದೇ ಕೆಲಸಕ್ಕೆ ಜಾಸ್ತಿ ಆದೇಶ ಕೇಳುತ್ತದೆ, ಆಗ ಗೆರೆ ದೊಡ್ಡದಾಗುತ್ತದೆ. ದೊಡ್ಡ ಗೆರೆ ಅಂದರೆ ಗಟ್ಟಿ ಕಾಲು ಅಂತ ಓದುವುದು ಎಷ್ಟೋ ಸಲ ಉಲ್ಟಾ ಆಗುತ್ತದೆ. ಶಕ್ತಿ ನೋಡಲು ಬಲ ಅಳೆಯುವ ಉಪಕರಣ ಬೇರೆ ಇದೆ. ಅದೂ ಬೇಡ, ಕುರ್ಚಿಯಿಂದ ಒಂದೇ ಕಾಲಿನ ಮೇಲೆ ಎದ್ದು ಕೂರುವುದನ್ನು ಎರಡೂ ಕಡೆ ಮಾಡಿಸಿದರೆ ಬಹಳಷ್ಟು ತಿಳಿಯುತ್ತದೆ. ಬಾವು ಇದ್ದ ದಿನ ಮಾತ್ರ ಮಾಡಿಸಬೇಡಿ.

ಹಾಗಾದರೆ ಇಎಂಜಿ ಯಾಕೆ? ಸಮಯ ತಿಳಿಯಲು. ಇದರಲ್ಲಿ ಅದಕ್ಕೆ ಸಾಟಿಯಿಲ್ಲ. ನಿಮಿಷಕ್ಕೆ 90 ಸುತ್ತು ತುಳಿದರೆ ಒಂದು ಸುತ್ತಿಗೆ ಸಿಗುವುದು ಸೆಕೆಂಡಿನ ಮೂರರಲ್ಲಿ ಎರಡು ಪಾಲು. ಸ್ನಾಯುವಿನಲ್ಲಿ ಅಲೆ ಎದ್ದ ಮೇಲೆ ಬಲ ಕಾಣಿಸಲು 30ರಿಂದ 100 ಮಿಲಿಸೆಕೆಂಡ್ ಬೇಕು. ಆದ್ದರಿಂದ ಪೆಡಲ್ ಮೇಲಕ್ಕೆ ಬಂದು ಮುಟ್ಟುವ ಮೊದಲೇ ತೊಡೆಯ ಮುಂಭಾಗ ಶುರುವಾಗಿರಬೇಕು. ಪೆಡಲ್ ಮುಂದಕ್ಕೆ ಬಂದು ಅಡ್ಡಡ್ಡ ನಿಂತ ಜಾಗ ದಾಟಿದ ಮೇಲೆ ಅದು ಇಳಿಯಬೇಕು, ಕೆಳಗಿನ ಭಾಗವನ್ನು ತೊಡೆಯ ಹಿಂಭಾಗ ಎಳೆದುಕೊಂಡು ಹೋಗಬೇಕು. ಬಲಗಾಲಿನಲ್ಲಿ ಈ ಸರದಿ ತಪ್ಪಿದೆಯೇ? ಪರೀಕ್ಷೆ ಮಾಡಿದವರನ್ನು ಇದನ್ನು ಕೇಳಿ. ಪೆಡಲ್ ಎಲ್ಲಿದೆ ಅಂತ ದಾಖಲಿಸದೆ ಬರೀ ಸರಾಸರಿ ಕೊಟ್ಟಿದ್ದರೆ ಆ ವರದಿಯಿಂದ ನಿಮ್ಮ ಹುಡುಗನಿಗೆ ಏನೂ ಸಿಗುವುದಿಲ್ಲ.

ನಾಳೆಯೇ ನೋಡಬಹುದಾದದ್ದು ಸೀಟಿನ ಎತ್ತರ. ಪೆಡಲ್ ಪೂರ್ತಿ ಕೆಳಗಿದ್ದಾಗ ಮೊಣಕಾಲು 25ರಿಂದ 35 ಡಿಗ್ರಿ ಬಾಗಿರಬೇಕು. ಸೀಟ್ ತಗ್ಗಾದರೆ ಮೊಣಕಾಲು ಜಾಸ್ತಿ ಬಾಗಿ, ಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ಈ ವಯಸ್ಸಿನಲ್ಲಿ ಹುಡುಗರು ತಿಂಗಳೊಪ್ಪತ್ತಿನಲ್ಲಿ ಎತ್ತರ ಬೆಳೆಯುತ್ತಾರೆ, ಸೀಟ್ ಮಾತ್ರ ಹೋದ ವರ್ಷದ ಗುರುತಿನಲ್ಲೇ ಇರುತ್ತದೆ. ಚಿಪ್ಪಿನ ಕೆಳಗಿನ ಎಲುಬಿನ ಗುಬ್ಬಿಯನ್ನು ಬೆರಳಿನಿಂದ ಒತ್ತಿ ನೋಡಿ. ನೋವು ಸರಿಯಾಗಿ ಅಲ್ಲೇ ಇದ್ದರೆ ಬೆಳೆಯುವ ಎಲುಬಿನ ತೊಂದರೆ ಇರಬಹುದು. ಬಾವು ಮೂರು ತಿಂಗಳಿಂದ ಬಂದು ಹೋಗುತ್ತಿದೆ ಅಂದಮೇಲೆ ಮೂಳೆ ಡಾಕ್ಟರಿಗೆ ಒಮ್ಮೆ ತೋರಿಸಲೇಬೇಕು. ಎಡಗಾಲಿನ ವ್ಯಾಯಾಮ ಸದ್ಯಕ್ಕೆ ಪಕ್ಕಕ್ಕಿಡಿ.

ಪ್ರಶ್ನೆ: ಅಕ್ಕಾ, ನಾನು ಕುಣಿ ಮಗ್ಗದಲ್ಲಿ ಸೀರೆ ನೇಯುತ್ತೇನೆ. ಕುತ್ತಿಗೆ, ಹೆಗಲು ಸದಾ ಬಿಗಿ. ರಾತ್ರಿ ಬಲಗೈ ಹೆಬ್ಬೆರಳು, ಪಕ್ಕದ ಎರಡು ಬೆರಳು ಜುಮುಜುಮು ಅಂದು ಎಚ್ಚರವಾಗುತ್ತದೆ. ಡಾಕ್ಟರ್ ಇಎಂಜಿ ಬರೆದಿದ್ದಾರೆ. ಸೂಜಿ ಚುಚ್ಚಿ ಕರೆಂಟ್ ಕೊಡುತ್ತಾರಂತೆ. ಹೋಗಲೋ ಬೇಡವೋ?
— ನೇಕಾರ ಹೆಣ್ಣುಮಗಳು, ಇಳಕಲ್ಲ

ಉತ್ತರ: ಹೋಗು ತಂಗಿ, ಹೆದರಬೇಡ. ಮೇಲೆ ಹೇಳಿದ ಬಿಲ್ಲೆಯ ಪರೀಕ್ಷೆ ಬೇರೆ, ನಿನಗೆ ಬರೆದಿರುವುದು ಬೇರೆ. ನಿನ್ನದರಲ್ಲಿ ಎರಡು ಭಾಗ ಇರುತ್ತವೆ. ಮೊದಲು ನರದ ಮೇಲೆ ಚರ್ಮದ ಹೊರಗಿನಿಂದ ಸಣ್ಣ ಸಣ್ಣ ಶಾಕ್ ಕೊಟ್ಟು, ಸಂದೇಶ ಎಷ್ಟು ವೇಗವಾಗಿ ಹೋಗುತ್ತದೆ ಅಂತ ಅಳೆಯುತ್ತಾರೆ. ಕೈ ಚುಳುಕ್ ಅನ್ನುತ್ತದೆ ಅಷ್ಟೇ. ಆಮೇಲೆ ಬೇಕೆನಿಸಿದರೆ ತೆಳು ಸೂಜಿಯನ್ನು ಸ್ನಾಯುವಿಗೆ ಇಡುತ್ತಾರೆ. ಆ ಸೂಜಿಯಲ್ಲಿ ಔಷಧಿಯೂ ಇಲ್ಲ, ಕರೆಂಟೂ ಇಲ್ಲ. ಅದು ಒಳಗಿನಿಂದ ಕೇಳಿಸಿಕೊಳ್ಳುತ್ತದೆ. ಸ್ವಲ್ಪ ನೋಯುತ್ತದೆ, ಒಂದೆರಡು ದಿನ ಕೈ ಮುಟ್ಟಿದರೆ ನೋವು ಇರಬಹುದು.

ನೀನು ಬರೆದಿರುವ ಮೂರು ಬೆರಳು, ರಾತ್ರಿಯ ಜುಮುಜುಮು ನೋಡಿದರೆ ಮಣಿಕಟ್ಟಿನಲ್ಲಿ ನರ ಒತ್ತಿರುವ ಅನುಮಾನ ಬರುತ್ತದೆ. ಕುತ್ತಿಗೆಯಿಂದಲೂ ಹೀಗಾಗಬಹುದು. ಎಲ್ಲಿ ಒತ್ತಿದೆ ಅಂತ ಬೇರ್ಪಡಿಸಲು ಈ ಪರೀಕ್ಷೆ ಸಹಾಯ ಮಾಡುತ್ತದೆ. ಆ ದಿನ ಕೈಗೆ ಎಣ್ಣೆ, ಕ್ರೀಮ್ ಹಚ್ಚಬೇಡ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳು.

ಹೆಗಲಿನದು ಬೇರೆ ಕತೆ, ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ನಾರ್ವೆಯಲ್ಲಿ ಪ್ಯಾಕಿಂಗ್ ಕೆಲಸದ ಹೆಣ್ಣುಮಕ್ಕಳ ಹೆಗಲಿಗೆ ಬಿಲ್ಲೆ ಅಂಟಿಸಿ ನೋಡಿದರು. ಅದು ಭಾರ ಎತ್ತುವ ಕೆಲಸವಲ್ಲ, ಕೈ ಹಗುರವಾಗಿ ಓಡುವ ಕೆಲಸ. ಹೆಗಲಿನ ಸ್ನಾಯು ನಡುನಡುವೆ ಪೂರ್ತಿ ಸುಮ್ಮನಾಗುವ ಚಿಕ್ಕ ಬಿಡುವುಗಳನ್ನು ಎಣಿಸಿದರು. ಸೆಕೆಂಡಿನ ಐದರಲ್ಲಿ ಒಂದು ಪಾಲು ಸುಮ್ಮನಿದ್ದರೂ ಅದನ್ನು ಬಿಡುವು ಅಂತ ಲೆಕ್ಕ ಹಿಡಿದರು. ಬಿಡುವು ಕಡಿಮೆ ಇದ್ದವರಿಗೇ ಮುಂದೆ ಹೆಗಲುನೋವು ಹೆಚ್ಚಾಗಿ ಬಂತು. 1993ರಲ್ಲಿ ಇದು ಅಚ್ಚಾಯಿತು. ಎಷ್ಟು ಭಾರ ಅನ್ನುವುದಕ್ಕಿಂತ ಎಷ್ಟು ಬಿಡುವು ಅನ್ನುವುದು ಅಲ್ಲಿ ದೊಡ್ಡ ಮಾತಾಯಿತು. "ಕೂತು ಮಾಡುವ ಕೆಲಸ, ಅದರಲ್ಲೇನು ನೋವು" ಅಂತ ಮನೆಯಲ್ಲಿ ಅನ್ನುವವರಿಗೆ ಇದನ್ನು ಓದಿ ಹೇಳು.

ಲಾಳಿಯ ಕಂಡಿಕೆ ಬದಲಿಸುವಾಗಲೆಲ್ಲ ಎರಡೂ ಕೈ ತೊಡೆಯ ಮೇಲೆ ಬಿಟ್ಟು, ಹೆಗಲು ಪೂರ್ತಿ ಕೆಳಗಿಳಿಸಿ, ಒಂದು ಉಸಿರು ಬಿಡು. ಎಳೆ ಕಡಿದು ಗಂಟು ಹಾಕುವಾಗ ಹೆಗಲು ಕಿವಿಯ ಹತ್ತಿರ ಏರಿರುತ್ತದೆ, ಗಮನಿಸು.

ಪ್ರಶ್ನೆ: ಮೇಡಂ, ಕಾಲೇಜಿನ ಪ್ರದರ್ಶನಕ್ಕೆ ಇಎಂಜಿ ಸೆನ್ಸರ್ ತರಿಸಿ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ಗೆರೆ ಬರೀ ಗಲಾಟೆ. ಏನು ಮಾಡೋಣ?
— ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಬೆಳಗಾವಿ

ಉತ್ತರ: ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ. ಮೈಗೆ ಅಂಟಿಸಿದ ತಂತಿಗೂ ಗೋಡೆಯ ಪ್ಲಗ್ಗಿಗೂ ಸಂಬಂಧವೇ ಇರಬಾರದು. ಇದು ಜೀವದ ಪ್ರಶ್ನೆ. ಗಲಾಟೆಯಲ್ಲಿ ಬಹುಪಾಲು 50 ಹರ್ಟ್ಸ್‌ನ ಮನೆಯ ಕರೆಂಟೇ ಇರುತ್ತದೆ, ಅದೂ ತಗ್ಗುತ್ತದೆ.

ಆಮೇಲೆ ಚರ್ಮ. 1840ರ ದಶಕದಲ್ಲಿ ಜರ್ಮನಿಯ ಡು ಬ್ವಾ-ರೇಮೊಂಡ್ ಮನುಷ್ಯರ ಕೈಯಿಂದ ಈ ವಿದ್ಯುತ್ತನ್ನು ಹಿಡಿಯಲು ಹೊರಟಾಗ ಚರ್ಮ ಅಡ್ಡ ಬಂತು. ಅವರು ಬೊಬ್ಬೆ ಬರಿಸಿ ಮೇಲ್ಪದರ ತೆಗೆದರು. ನಿಮಗೆ ಕೂದಲು ಬೋಳಿಸಿ, ಸ್ಪಿರಿಟ್‌ನಿಂದ ಒರೆಸಿ ಒಣಗಿಸಿದರೆ ಸಾಕು. ಎರಡು ಬಿಲ್ಲೆಗಳ ನಡುಮಧ್ಯಗಳ ನಡುವೆ 20 ಮಿಲಿಮೀಟರ್ ಅಂತರ ಇರಲಿ, ಸ್ನಾಯು ಓಡುವ ದಿಕ್ಕಿನಲ್ಲೇ ಇರಲಿ. ಮೂರನೆಯದನ್ನು ಮೊಣಕೈಯ ಎಲುಬಿನ ಮೇಲೆ ಹಾಕಿ. ಸೆಕೆಂಡಿಗೆ ಕನಿಷ್ಠ 1000 ಸಲ ಓದಿಸಿ, ಯಾಕೆಂದರೆ ಉಪಯುಕ್ತ ಸಂಕೇತ ಸುಮಾರು 500 ಹರ್ಟ್ಸ್‌ವರೆಗೂ ಇರುತ್ತದೆ.

ಪ್ರದರ್ಶನಕ್ಕೆ ಒಂದು ಸಲಹೆ. ಗೆಳೆಯನ ಮೊಣಕೈ ಅರ್ಧ ಬಾಗಿಸಿ ನೀರು ತುಂಬಿದ ಬಾಟಲಿ ಹಿಡಿಸಿ, ತೋಳು ನಡುಗುವವರೆಗೆ ಬಿಡಿ. ಬಾಟಲಿಯ ಭಾರ ಬದಲಾಗುವುದಿಲ್ಲ. ಗೆರೆ ಮಾತ್ರ ದೊಡ್ಡದಾಗುತ್ತ ಹೋಗುತ್ತದೆ, ಅದರ ಅಲೆಗಳು ನಿಧಾನವಾಗುತ್ತವೆ. ನೋಡಲು ಬಂದವರಿಗೆ ಮೊದಲು ಇದನ್ನು ತೋರಿಸಿ, ಆಮೇಲೆ ನಿಮ್ಮ ಗ್ರಾಫ್‌ಗಳನ್ನು ವಿವರಿಸಿ.