ಎಡಗೈ ಕಲಿಯಲಿ, ಎತ್ತರ ಇದ್ದೇ ಇದೆ

“ನನ್ನ ಮಗಳಿಗೆ ಹದಿಮೂರು ವರ್ಷ, ಎಂಟನೇ ಕ್ಲಾಸು. ಐದಡಿ ಎಂಟಿಂಚು ಎತ್ತರ. ಎರಡು ವರ್ಷದಿಂದ ಶಾಲೆಯ ಬಾಸ್ಕೆಟ್‌ಬಾಲ್ ಟೀಮಿನಲ್ಲಿದ್ದಾಳೆ. ಹೋದ ತಿಂಗಳು ಬೇರೆ ಶಾಲೆಯ ಮೇಲೆ ಆಡಿದ ಮ್ಯಾಚಿನಲ್ಲಿ ಟೀಮಿನ 31 ಪಾಯಿಂಟಿನಲ್ಲಿ 22 ಅವಳದೇ. ಸ್ಟಾರ್ ಆಗ್ತಾಳೆ ಅಂತ ಎಲ್ಲರೂ ಹೇಳುತ್ತಾರೆ. ಒಂದು ಅಕಾಡೆಮಿಯವರು ಎರಡು ವರ್ಷದ ಫೀ ಒಟ್ಟಿಗೆ ಕಟ್ಟಿ, ಇಂಡಿಯಾಗೆ ಆಡಿಸ್ತೇವೆ ಅನ್ನುತ್ತಿದ್ದಾರೆ. ನಮ್ಮ ಯಜಮಾನರು ಮುಂಬಯಿಯ ಫೋರ್ಟಿನ ಹೋಟೆಲಿನಲ್ಲಿ ಕ್ಯಾಶಿಯರ್. ಹುಡುಗಿ ಓದು ಬಿಟ್ಟು ಚೆಂಡು ಹಿಡ್ಕೊಂಡು ಎಲ್ಲಿಗೆ ಹೋಗ್ತಾಳೆ ಅಂತ ಅತ್ತೆ ಕೇಳುತ್ತಾರೆ. ಏನು ಮಾಡಲಿ? ಇನ್ನೂ ಎತ್ತರ ಆಗೋಕೆ ಏನು ಕೊಡಲಿ?”

– ಹೆಸರು ಬೇಡ ಎಂದ ಓದುಗರು, ಡೊಂಬಿವಲಿ

ಪ್ರಿಯ ಸಹೋದರಿ, ನಮಸ್ಕಾರ.

ಮೇಲೆ ಹಾಕಿರುವುದು ನಿಮ್ಮ ಪತ್ರದ ಸಾರ ಮಾತ್ರ. ಪೂರ್ತಿ ಪತ್ರವನ್ನು ಮೂರು ಸಲ ಓದಿದೆ. ಮಗಳ ಎತ್ತರದ ಮಾತು ಅದರಲ್ಲಿ ನಾಲ್ಕು ಕಡೆ ಬರುತ್ತದೆ. ಅವಳ ಎಡಗೈ ಬಗ್ಗೆ ಒಂದು ಸಾಲೂ ಇಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಶಾಲೆಯ ಮ್ಯಾಚಿನಲ್ಲಿ ಉಳಿದ ಮಕ್ಕಳು ಐದಡಿ ಆಸುಪಾಸು ಇರುತ್ತಾರೆ, ಅಲ್ವಾ? ನಿಮ್ಮ ಮಗಳು ರಿಂಗಿನ ಕೆಳಗೆ ನಿಲ್ಲುತ್ತಾಳೆ. ಚೆಂಡು ಮೇಲಿಂದ ಬರುತ್ತದೆ, ಬೇರೆ ಯಾರಿಗೂ ಎಟಕುವುದಿಲ್ಲ. ಹಿಡಿದು ಹಾಕುತ್ತಾಳೆ. 22 ಪಾಯಿಂಟ್ ಸುಳ್ಳಲ್ಲ, ಅವಳ ಖುಷಿಯೂ ಸುಳ್ಳಲ್ಲ. ಆದರೆ ಹೆಣ್ಣುಮಕ್ಕಳು ಸರಸರ ಬೆಳೆಯುವುದು ಹನ್ನೆರಡರ ಸುತ್ತಮುತ್ತ. ಮುಟ್ಟು ಶುರುವಾದ ಮೇಲೆ ಬೆಳವಣಿಗೆ ನಿಧಾನವಾಗುತ್ತದೆ. ಹದಿನೈದರ ಹೊತ್ತಿಗೆ ಹೆಚ್ಚುಕಡಿಮೆ ಮುಗಿದಿರುತ್ತದೆ. ನಿಮ್ಮ ಮಗಳು ಇನ್ನೊಂದೆರಡು ಇಂಚು ಬೆಳೆಯಬಹುದು. ನಮ್ಮ ದೇಶದ ಹೆಸರಾಂತ ಸೆಂಟರ್ ಗೀತು ಅನ್ನಾ ಜೋಸ್ ಆರಡಿ ಎರಡಿಂಚು. ರಾಷ್ಟ್ರೀಯ ಮಟ್ಟದಲ್ಲಿ ರಿಂಗಿನ ಕೆಳಗೆ ನಿಲ್ಲುವವರು ಆ ಅಳತೆಯವರು. ಶಾಲೆಯಲ್ಲಿ ಎಲ್ಲರಿಗಿಂತ ಉದ್ದ ಇರುವ ನಿಮ್ಮ ಮಗಳು ಅಲ್ಲಿ ನಡುವಿನ ಎತ್ತರದವಳು. ಆ ಎತ್ತರದವರು ಚೆಂಡನ್ನು ಮುಂದಕ್ಕೆ ತರಬೇಕು, ಪಾಸ್ ಕೊಡಬೇಕು, ದೂರದಿಂದ ಶೂಟ್ ಮಾಡಬೇಕು. ಇದನ್ನೆಲ್ಲ ಅವಳಿಗೆ ಈಗ ಯಾರಾದರೂ ಕಲಿಸುತ್ತಿದ್ದಾರಾ?

ಇದನ್ನು ಇಷ್ಟು ಒತ್ತಿ ಕೇಳಲು ಕಾರಣವಿದೆ. ನನ್ನ ಅಕ್ಕನ ಮಗಳು ಪುಣೆಯಲ್ಲಿ ಬೆಳೆದವಳು. ಹದಿನಾಲ್ಕಕ್ಕೆ ಐದಡಿ ಒಂಬತ್ತಿಂಚು ಇದ್ದಳು. ಅವಳ ಕೋಚ್ ಅವಳನ್ನು ರಿಂಗಿನ ಕೆಳಗೆ ನಿಲ್ಲಿಸಿಬಿಟ್ಟರು. ಕೈ ಮೇಲೆ ಇಟ್ಟುಕೋ, ಚೆಂಡು ಬಂದರೆ ಹಾಕು, ಡ್ರಿಬಲ್ ಮಾಡಬೇಡ, ಅಂದರೆ ನೆಲಕ್ಕೆ ಬಡಿಯುತ್ತಾ ಒಯ್ಯಬೇಡ. ಇಷ್ಟೇ ಪಾಠ. ಮೂರು ವರ್ಷ ಮನೆಗೆ ಕಪ್‌ಗಳು ಬಂದವು. ಹದಿನೇಳಕ್ಕೆ ರಾಜ್ಯ ತಂಡದ ಟ್ರಯಲ್ಸ್‌ಗೆ ನಾನೇ ಕರೆದುಕೊಂಡು ಹೋದೆ. ಅವಳಷ್ಟೇ ಎತ್ತರದವರು ಅಲ್ಲಿ ಏಳೆಂಟು ಹುಡುಗಿಯರು ಇದ್ದರು. ಎದುರಿಗೆ ಒಬ್ಬಳನ್ನು ನಿಲ್ಲಿಸಿ, ಎಡಗೈಯಲ್ಲಿ ಚೆಂಡನ್ನು ಆ ತುದಿಗೆ ಒಯ್ಯಿ ಎಂದರು. ಕೋರ್ಟಿನ ಉದ್ದ 28 ಮೀಟರ್. ಅರ್ಧ ದಾಟುವ ಮೊದಲೇ ಚೆಂಡು ಎರಡು ಸಲ ಅವಳ ಕಾಲಿಗೆ ಬಡಿದು ಹೊರಗೆ ಹೋಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ, “ಮಾಮಾ, ಇದನ್ನ ನನಗೆ ಯಾರೂ ಹೇಳಿಕೊಡಲೇ ಇಲ್ಲ” ಎಂದಳು. ಮೂರು ವರ್ಷ ನಾನೂ ಅವಳ ಪಾಯಿಂಟ್ ಮಾತ್ರ ಎಣಿಸಿದ್ದೆ. ಆ ವರ್ಷವೇ ಅವಳು ಆಟ ಬಿಟ್ಟಳು.

ಇದಕ್ಕೆ ಪೂರ್ತಿ ಉಲ್ಟಾ ಕಥೆ ಅಮೆರಿಕದ ಆಂಥೊನಿ ಡೇವಿಸ್‌ದು. ಹೈಸ್ಕೂಲಿಗೆ ಸೇರಿದಾಗ ಅವನು ಗಾರ್ಡ್. ಚೆಂಡು ತರುವುದು, ದೂರದಿಂದ ಎಸೆಯುವುದು ಅವನ ಕೆಲಸ. ಹೈಸ್ಕೂಲು ಮುಗಿಯುವುದರೊಳಗೆ ಏಳೆಂಟು ಇಂಚು ಬೆಳೆದು ಆರಡಿ ಹತ್ತಿಂಚು ಆದ. ಗಾರ್ಡಿನ ಕೈ ಹಾಗೇ ಉಳಿದಿತ್ತು. 2012ರಲ್ಲಿ ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಂಡಾಗ ಮೊದಲ ಹೆಸರೇ ಅವನದು. ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಮಗಳು ಈಗ ಕುಳ್ಳಗಿರುವವರ ಆಟ ಕಲಿಯಲಿ.

ಹೇಗೆ ಎಂದು ಕೇಳುತ್ತೀರಿ. ಹೋದ ಚಳಿಗಾಲದಲ್ಲಿ ಮಾಟುಂಗದ ಒಂದು ಕೋರ್ಟಿನ ಪಕ್ಕದಲ್ಲಿ ಬೆಳಿಗ್ಗೆ ಚಹಾ ಕುಡಿಯುತ್ತಾ ನಿಂತಿದ್ದೆ. ಒಳಗೆ ಒಬ್ಬಳೇ ಹುಡುಗಿ, ಹನ್ನೆರಡು ಇರಬಹುದು. ಎಡಗೈಯಲ್ಲಿ ಚೆಂಡನ್ನು ಮೊಣಕಾಲಿನ ಎತ್ತರಕ್ಕೆ ಬಡಿಯುತ್ತಿದ್ದಳು. ಬಲಗೈಯಲ್ಲಿ ಒಂದು ಹಳೇ ಟೆನಿಸ್ ಬಾಲ್. ಅದನ್ನು ಮೇಲಕ್ಕೆ ಎಸೆಯುವುದು, ಹಿಡಿಯುವುದು. ಅಷ್ಟೂ ಹೊತ್ತು ಎಡಗೈ ನಿಲ್ಲಬಾರದು. ಕಣ್ಣು ಟೆನಿಸ್ ಬಾಲಿನ ಮೇಲೆ ಇರುವುದರಿಂದ ದೊಡ್ಡ ಚೆಂಡನ್ನು ನೋಡೋಕೇ ಆಗುವುದಿಲ್ಲ, ಬರೀ ಬೆರಳಿನ ತುದಿಗೆ ಗೊತ್ತಾಗಬೇಕು. ಚೆಂಡು ತಪ್ಪಿ ಉರುಳಿ ಹೋಗುತ್ತಿತ್ತು. ಓಡಿ ಹೋಗಿ ತರುತ್ತಿದ್ದಳು, ಮತ್ತೆ ಶುರು. ನನ್ನ ಚಹಾ ಮುಗಿಯುವಷ್ಟರಲ್ಲಿ ಹತ್ತು ಸಲವಾದರೂ ತಪ್ಪಿತು. ಯಾರೂ ಚಪ್ಪಾಳೆ ತಟ್ಟುವವರಿರಲಿಲ್ಲ. ನಿಮ್ಮ ಮಗಳಿಗೆ ದಿನಾ ಇಪ್ಪತ್ತು ನಿಮಿಷ ಇಂಥದ್ದು ಬೇಕು. ಆಮೇಲೆ ಎಡಗೈ ಲೇಅಪ್ (ಓಡಿ ಬಂದು ರಿಂಗಿನ ಹತ್ತಿರ ಜಿಗಿದು ಒಂದೇ ಕೈಯಲ್ಲಿ ಹಾಕುವುದು), ಓಡುತ್ತಾ ಪಾಸ್, ಎದುರಿಗಿರುವವಳ ಮುಂದೆ ಕಾಲು ಸರಿಸುತ್ತಾ ಡಿಫೆನ್ಸ್.

ಮಳೆಗಾಲದಲ್ಲಿ ನಮ್ಮ ಮುಂಬಯಿಯ ಬಯಲು ಕೋರ್ಟುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ. ಜಾರುವ ಸಿಮೆಂಟಿನ ಮೇಲೆ ಆಡಿಸಬೇಡಿ, ಪಾದ ಹೊರಳುತ್ತದೆ. ಬಿಲ್ಡಿಂಗಿನ ಪಾರ್ಕಿಂಗ್‌ನಲ್ಲಿ ಒಂದು ಮೂಲೆ ಸಾಕು. ಢಬ್ ಢಬ್ ಸದ್ದಿಗೆ ಮೊದಲ ಮಹಡಿಯವರು ಬೇಜಾರು ಮಾಡಿಕೊಳ್ಳುತ್ತಾರೆ. ಸೊಸೈಟಿಯ ಸೆಕ್ರೆಟರಿ ಹತ್ತಿರ ಮೊದಲೇ ಮಾತಾಡಿ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ.

ಚೆಂಡಿನ ಬಗ್ಗೆ ಒಂದು ಮಾತು. ಹೆಂಗಸರ ಆಟದ ಚೆಂಡು 6ನೇ ಸೈಜಿನದು, ಗಂಡಸರದು 7. ಶಾಲೆಗಳಲ್ಲಿ ಎಷ್ಟೋ ಸಲ 7ನೇ ಸೈಜಿನ ಚೆಂಡು ಮಾತ್ರ ಇರುತ್ತದೆ. ಸಣ್ಣ ಕೈಯ ಹುಡುಗಿಯರು ಆ ಭಾರಕ್ಕೆ ಎದೆಯಿಂದ ಎರಡೂ ಕೈಯಲ್ಲಿ ತಳ್ಳುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಆಮೇಲೆ ಅದು ಬಿಡುವುದಿಲ್ಲ. ಅಕಾಡೆಮಿಗೆ ಕಟ್ಟಬೇಕೆಂದಿರುವ ದುಡ್ಡಿನಲ್ಲಿ ಮೊದಲು ಅವಳಿಗೆ ಸ್ವಂತದ ಒಂದು 6ನೇ ಸೈಜಿನ ಚೆಂಡು, ಒಂದು ಜೊತೆ ಒಳ್ಳೆಯ ಶೂ ಕೊಡಿಸಿ.

ರಿಂಗಿನ ಅಗಲ 45 ಸೆಂಟಿಮೀಟರ್. ಆ ಚೆಂಡಿನ ಅಗಲ ಸುಮಾರು 23. ಅಂದರೆ ಹೆಚ್ಚುಕಡಿಮೆ ಎರಡು ಚೆಂಡು ಪಕ್ಕಪಕ್ಕ ಕೂರುವಷ್ಟು ಜಾಗ. ಚೆಂಡು ಮೇಲಿಂದ ಇಳಿದರೆ ಮಾತ್ರ ಆ ಜಾಗ ಸಿಗುತ್ತದೆ. ಚಪ್ಪಟೆಯಾಗಿ ಹೋದರೆ ಅದೇ ರಿಂಗು ಸೀಳಿನಂತೆ ಕಿರಿದಾಗುತ್ತದೆ. ಮೊಣಕೈ ಚೆಂಡಿನ ಕೆಳಗಿರಬೇಕು, ಬಲ ಕಾಲಿನಿಂದ ಬರಬೇಕು, ಕೊನೆಗೆ ಮಣಿಕಟ್ಟು ಮಡಚಬೇಕು. ಹತ್ತಿರದಿಂದ ಶುರು ಮಾಡಲಿ. ಮೂರು ಪಾಯಿಂಟಿನ ಗೆರೆ 6.75 ಮೀಟರ್ ದೂರ, ಅದಕ್ಕೆ ಈಗ ಅವಸರ ಇಲ್ಲ. ಸ್ಟೀಫನ್ ಕರ್ರಿಯ ಹೆಸರು ಅವಳಿಗೆ ಗೊತ್ತಿರುತ್ತದೆ. ಹೈಸ್ಕೂಲಿನಲ್ಲಿ ಅವನು ಸೊಂಟದ ಹತ್ತಿರದಿಂದ ಎಸೆಯುತ್ತಿದ್ದ, ಚೆಂಡು ಬೀಳುತ್ತಲೂ ಇತ್ತು. ಆದರೂ ತಂದೆ ಡೆಲ್ ಕರ್ರಿ, ತಾವೂ ಎನ್‌ಬಿಎ ಆಡಿದವರು, ಒಂದು ಬೇಸಿಗೆ ಪೂರ್ತಿ ಕೂತು ಮಗನ ಎಸೆತವನ್ನು ಬದಲಾಯಿಸಿದರು. ಬೀಳುತ್ತಿದ್ದ ಚೆಂಡು ಬೀಳದಾಯಿತು, ಹುಡುಗ ಅತ್ತ. ಇವತ್ತು ಮೂರು ಪಾಯಿಂಟಿನ ಎಸೆತಕ್ಕೆ ಅವನಿಗಿಂತ ದೊಡ್ಡ ಹೆಸರಿಲ್ಲ. ನಿಮ್ಮ ಮಗಳ ಪಾಯಿಂಟ್ ಕೂಡ ಒಂದಷ್ಟು ತಿಂಗಳು ಕಡಿಮೆಯಾಗುತ್ತದೆ. ಆಗ ನೀವು ಗಾಬರಿ ಬೀಳಬಾರದು, ಬೇರೆಯವರು ಆಡಿಕೊಂಡರೆ ಅವಳ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳಬೇಕು.

ಅಕಾಡೆಮಿ ವಿಷಯ. ಎರಡು ವರ್ಷದ ಫೀ ಒಟ್ಟಿಗೆ ಖಂಡಿತ ಕಟ್ಟಬೇಡಿ. ಇಂಡಿಯಾಗೆ ಆಡಿಸ್ತೇವೆ ಎನ್ನುವ ಅಧಿಕಾರ ಯಾವ ಅಕಾಡೆಮಿಗೂ ಇಲ್ಲ. ಜಿಲ್ಲೆ, ರಾಜ್ಯದ ಟ್ರಯಲ್ಸ್, ರಾಷ್ಟ್ರೀಯ ಟೂರ್ನಿ, ಆಮೇಲೆ ಬಾಸ್ಕೆಟ್‌ಬಾಲ್ ಫೆಡರೇಷನ್ನಿನ ಕ್ಯಾಂಪ್, ದಾರಿ ಇದು. ಮೂರು ದಿನ ಸುಮ್ನೆ ಹೋಗಿ ಬದಿಯಲ್ಲಿ ಕೂತು ನೋಡಿ. ಇಪ್ಪತ್ತು ಮಕ್ಕಳಿಗೆ ಎರಡೇ ಚೆಂಡು ಇದ್ದರೆ ನಿಮ್ಮ ಮಗಳು ದುಡ್ಡು ಕೊಟ್ಟು ಸಾಲಿನಲ್ಲಿ ನಿಲ್ಲುತ್ತಾಳೆ, ಅಷ್ಟೇ. ಎಡಗೈಯಲ್ಲಿ ಹಾಕಲು ಹೋಗಿ ತಪ್ಪಿದ ಮಗುವಿಗೆ ಕೋಚ್ ಏನು ಹೇಳುತ್ತಾರೆ ಎಂದು ಕಿವಿಗೊಡಿ. ಇನ್ನೊಂದು ಸಲ ಹಾಕು ಎನ್ನುವವರು ಬೇಕು. ಬಲಗೈಯಲ್ಲೇ ಹಾಕು ಎಂದು ಗದರುವವರು ಬೇಡ.

ದುಡ್ಡಿಲ್ಲದೇ ಕಲಿಯುವ ಜಾಗಗಳೂ ಈ ಊರಿನಲ್ಲಿವೆ. ಮುಂಬಯಿ ಸೆಂಟ್ರಲ್ ಹತ್ತಿರದ ನಾಗಪಾಡಾ ಗೊತ್ತಲ್ಲ? ಇಕ್ಕಟ್ಟಾದ ಓಣಿಗಳ ಆ ಬಡಾವಣೆ ದೇಶಕ್ಕೆ ಎಷ್ಟೋ ಆಟಗಾರರನ್ನು ಕೊಟ್ಟಿದೆ. ಭಾರತ ತಂಡದ ನಾಯಕರಾಗಿ 1970ರ ಅರ್ಜುನ ಪ್ರಶಸ್ತಿ ಪಡೆದ ಅಬ್ಬಾಸ್ ಮುಂತಸಿರ್ ಅಲ್ಲಿಯವರು. ಅಂಥ ಕೋರ್ಟಿನಲ್ಲಿ ಚಿಕ್ಕವರು ದೊಡ್ಡವರ ಜೊತೆಗೇ ಆಡುತ್ತಾರೆ. ನಿಮ್ಮ ಮಗಳಿಗೂ ಅದು ಬೇಕು. ವಾರಕ್ಕೆ ಒಂದೆರಡು ದಿನ ತನಗಿಂತ ಎತ್ತರದ, ವೇಗದ ಅಕ್ಕಂದಿರ ಜೊತೆ ಆಡಿ ಸೋಲಲಿ. ಡೊಂಬಿವಲಿ, ಕಲ್ಯಾಣದ ಕಡೆಯೇ ಅಂಥ ಕಾಲೇಜು ಹುಡುಗಿಯರ ಗುಂಪು ಹುಡುಕಿ. ದಿನಾ ದಾದರ್‌ವರೆಗೆ ಲೋಕಲ್‌ನಲ್ಲಿ ನಿಂತುಕೊಂಡು ಹೋಗಿಬಂದರೆ ಆಡುವ ಶಕ್ತಿ ರೈಲಿನಲ್ಲೇ ಮುಗಿಯುತ್ತದೆ.

ಎತ್ತರಕ್ಕೆ ಏನೂ ಕೊಡಬೇಡಿ. ಟಾನಿಕ್, ಪೌಡರ್, ಕಂಬಿಗೆ ಜೋತಾಡುವುದು, ಯಾವುದರಿಂದಲೂ ಎತ್ತರ ಬರುವುದಿಲ್ಲ. ಅಪ್ಪ ಅಮ್ಮನಿಂದ ಬರುವಷ್ಟು ಬರುತ್ತದೆ. ಕುಚ್ಚಲಕ್ಕಿ ಅನ್ನ, ಹೆಸರುಕಾಳು, ಮೊಟ್ಟೆ, ಮೀನು, ಸೊಪ್ಪು, ಹಾಲು ಸಾಕು. ಆದರೆ ಹೊಟ್ಟೆ ತುಂಬ ಬೇಕು, ಆಡುವ ಹುಡುಗಿಗೆ ಹಸಿವು ಜಾಸ್ತಿ. ರಾತ್ರಿ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ವಯಸ್ಸು ಎಷ್ಟು ವರ್ಷವೋ ವಾರಕ್ಕೆ ಅದಕ್ಕಿಂತ ಜಾಸ್ತಿ ಗಂಟೆ ಅಭ್ಯಾಸ ಬೇಡ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಅವಳಿಗೆ ಹದಿಮೂರು ಗಂಟೆ, ಒಂದು ದಿನ ಪೂರ್ತಿ ರಜೆ.

ಮೊಣಕಾಲನ್ನು ಮಾತ್ರ ಕಣ್ಣಿಟ್ಟು ನೋಡಿ. ಜಿಗಿದು ಇಳಿಯುವಾಗ ಎರಡೂ ಮೊಣಕಾಲು ಒಳಗೆ ವಾಲಿದರೆ ಅಪಾಯ. ಮೊಣಕಾಲಿನ ಒಳಗಿನ ಎಸಿಎಲ್ ಎಂಬ ಕಟ್ಟು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಜಾಸ್ತಿ. ಮೆತ್ತಗೆ, ಮೊಣಕಾಲು ಮಡಚಿ, ನೇರವಾಗಿ ಇಳಿಯುವುದನ್ನು ವಾರ್ಮ್‌ಅಪ್‌ನಲ್ಲೇ ಅಭ್ಯಾಸ ಮಾಡಿದರೆ ಇದು ಕಡಿಮೆಯಾಗುತ್ತದೆ. ಚಿಪ್ಪಿನ ಕೆಳಗೆ ನೋವು ಅಂದರೆ ಬೆಳೆಯುವ ವಯಸ್ಸು ಎಂದು ತಳ್ಳಿಹಾಕಿ ಆಡಿಸಬೇಡಿ, ಡಾಕ್ಟರಿಗೆ ತೋರಿಸಿ. ತಿಂಗಳ ಮುಟ್ಟು ಮೂರು ತಿಂಗಳು ನಿಂತರೂ ತೋರಿಸಲೇಬೇಕು. ಆಡುವ ಹುಡುಗಿಯರಿಗೆ ಹೀಗೇ ಆಗುತ್ತೆ ಎಂದು ಯಾರು ಹೇಳಿದರೂ ಕೇಳಬೇಡಿ. ಊಟ ಸಾಲುತ್ತಿಲ್ಲ ಎನ್ನುವುದರ ಗುರುತು ಅದಾಗಿರಬಹುದು. ಈ ಮಾತನ್ನು ಅವಳು ಕೋಚ್ ಹತ್ತಿರ ಹೇಳುವುದಿಲ್ಲ, ನಿಮ್ಮ ಹತ್ತಿರ ಮಾತ್ರ ಹೇಳುತ್ತಾಳೆ.

ಅತ್ತೆಯವರ ಪ್ರಶ್ನೆ ನ್ಯಾಯವಾದದ್ದೇ. ಓದು ಬಿಡಿಸಬೇಡಿ. ಅವರಿಗೆ ಅನಿತಾ ಪಾಲ್‌ದುರೈ ಬಗ್ಗೆ ಹೇಳಿ. ಭಾರತ ತಂಡದ ನಾಯಕಿಯಾಗಿದ್ದವರು, ತಾಯಿಯಾದ ಮೇಲೂ ಆಡಿದವರು, 2021ರಲ್ಲಿ ಪದ್ಮಶ್ರೀ ಬಂತು. ಅವರಿಗೂ ಗೀತು ಅವರಿಗೂ ದಕ್ಷಿಣ ರೈಲ್ವೆಯಲ್ಲಿ ಕೆಲಸ ಸಿಕ್ಕಿದ್ದು ಈ ಆಟದಿಂದಲೇ. ಪಕ್ಕದ ಪುಣೆಯ ಶಿರೀನ್ ಲಿಮಯೆ ಭಾರತ ತಂಡಕ್ಕೆ ಆಡಿದ್ದಾರೆ. ಚೆಂಡು ಹಿಡಿದುಕೊಂಡು ಹೋದ ಹುಡುಗಿಯರು ಇಲ್ಲಿಗೆಲ್ಲ ಹೋಗಿದ್ದಾರೆ ಎಂದು ಅಜ್ಜಿಗೆ ಮೊಮ್ಮಗಳೇ ಕೂತು ಹೇಳಲಿ.

ಅಕ್ಟೋಬರ್‌ನಲ್ಲಿ ಕೋರ್ಟು ಒಣಗಿದ ಮೇಲೆ ಒಂದು ಭಾನುವಾರ ಅವಳಿಂದ ಹತ್ತು ಎಡಗೈ ಲೇಅಪ್ ಹಾಕಿಸಿ, ಎಷ್ಟು ಬಿದ್ದವು ಎಂದು ನನಗೆ ಬರೆಯಿರಿ. ಮ್ಯಾಚಿನ ಪಾಯಿಂಟ್ ಬರೆಯುವುದು ಬೇಡ. ಹತ್ತರಲ್ಲಿ ಎರಡು ಬಿದ್ದರೂ ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ