ನಾಕಾಬಂದಿಯಲ್ಲಿ ಗಾಡಿ ನಿಂತಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ರಸ್ತೆಯ ಪೊಲೀಸ್ ತಪಾಸಣೆಯದ್ದೇ. ಮಹಾರಾಷ್ಟ್ರದ ಡೊಂಬಿವಲಿಯಿಂದ ಗೋವಾದ ವಾಸ್ಕೊವರೆಗಿನ ಓದುಗರು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಹೋಟೆಲಿಗೆ ತರಕಾರಿ ಹಾಕುವ ಸಣ್ಣ ಟೆಂಪೊ ನನ್ನದು. ಬೆಳಗಿನ ಜಾವ ವಾಶಿ ಮಾರ್ಕೆಟ್‌ನಿಂದ ಬರುವಾಗ ಹವಾಲ್ದಾರರು ಕೈ ತೋರಿಸುತ್ತಾರೆ, ನಿಲ್ಲಿಸಿದ ಕೂಡಲೇ ಕೀಲಿ ಕಿತ್ತುಕೊಳ್ಳುತ್ತಾರೆ. ಆಮೇಲೆ ಪರ್ಮಿಟ್ ಎಲ್ಲಿ, ಓವರ್‌ಲೋಡ್ ಎಂದು ಶುರು. ಕೀಲಿ ಕೀಳುವ ಅಧಿಕಾರ ಅವರಿಗಿದೆಯೇ? (ಡೊಂಬಿವಲಿ)

ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯನ್ನು ಮೊದಲಿಂದ ಕೊನೆವರೆಗೆ ತಿರುವಿ ಹಾಕಿದರೂ ಕೀಲಿ ಕಿತ್ತುಕೊಳ್ಳಿ ಎನ್ನುವ ಕಲಮು ಸಿಗುವುದಿಲ್ಲ. ಆದರೆ ಸಮವಸ್ತ್ರದಲ್ಲಿರುವ ಯಾವ ಪೊಲೀಸರು ಕೇಳಿದರೂ ಲೈಸೆನ್ಸ್ ತೋರಿಸಲೇಬೇಕು (ಕಲಮು 130). ಬರೀ ಜಾಕೆಟ್ ತೊಟ್ಟ ಟ್ರಾಫಿಕ್ ವಾರ್ಡನ್ ಪೊಲೀಸ್ ಅಲ್ಲ, ಅವರಿಗೆ ಕಾಗದ ತೋರಿಸಬೇಕಾದ ಹಂಗಿಲ್ಲ. ಗಾಡಿಯನ್ನೇ ತಡೆಹಿಡಿಯುವ ಅಧಿಕಾರ ಕಲಮು 207ರಲ್ಲಿದೆ, ಅದೂ ಲೈಸೆನ್ಸ್ ಇಲ್ಲದೆ ಓಡಿಸಿದರೆ, ನೋಂದಣಿ ಇಲ್ಲದಿದ್ದರೆ, ಬೇಕಾದ ಪರ್ಮಿಟ್ ಇಲ್ಲದಿದ್ದರೆ ಅಥವಾ ಅದರ ಮುಖ್ಯ ಷರತ್ತು ಮುರಿದರೆ. ಹಾಗೆ ತಡೆದರೆ ಬರಹದಲ್ಲಿ ರಶೀದಿ ಕೊಡಿ ಎಂದು ಕೇಳಿ. ಸ್ಟೆಪ್ನಿ, ಜಾಕ್, ಟೇಪ್, ಒಳಗಿನ ಮಾಲು ಎಲ್ಲವೂ ಅದರಲ್ಲಿ ನಮೂದಾಗಲಿ. ಬಿಡಿಸಿಕೊಳ್ಳಲು ಹೋದಾಗ ಸ್ಟೆಪ್ನಿ ಕಾಣದಿದ್ದರೆ ನಿಮ್ಮ ಮಾತಿಗೆ ಬೆಲೆ ಬರುವುದು ಆ ಚೀಟಿಯಿಂದಲೇ.

ಪರ್ಮಿಟ್ ವಿಷಯಕ್ಕೆ ಬಂದರೆ ನಿಮಗೊಂದು ಒಳ್ಳೆಯ ಸುದ್ದಿ. ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಒಟ್ಟು ತೂಕ, ಅಂದರೆ ಗಾಡಿ ಮತ್ತು ಮಾಲು ಸೇರಿ, 3,000 ಕಿಲೊ ಮೀರದ ಸರಕು ವಾಹನಕ್ಕೆ ಪರ್ಮಿಟ್ಟೇ ಬೇಡ (ಕಲಮು 66ರ ಉಪಕಲಮು 3). ಆರ್‌ಸಿಯ ಆ ಸಾಲಿಗೆ ಪೆನ್ಸಿಲ್ ಗೀಟು ಹಾಕಿಟ್ಟುಕೊಳ್ಳಿ, ವಾದ ಮಾಡುವ ಬದಲು ಬೆರಳಿಟ್ಟು ತೋರಿಸಬಹುದು. ಆದರೆ ಫಿಟ್‌ನೆಸ್‌ಗೆ ರಿಯಾಯಿತಿ ಇಲ್ಲ. ಗಾಡಿಗೆ 8 ವರ್ಷ ತುಂಬುವವರೆಗೆ 2 ವರ್ಷಕ್ಕೊಮ್ಮೆ, ನಂತರ ವರ್ಷ ವರ್ಷ ಮಾಡಿಸಬೇಕು. ಸಣ್ಣ ಟೆಂಪೊದವರು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲಿಯೇ, ಪರ್ಮಿಟ್‌ನಲ್ಲಲ್ಲ.

ಓವರ್‌ಲೋಡನ್ನು ಕಣ್ಣಂದಾಜಿನಲ್ಲಿ ಹೇಳಲಾಗದು. ಅಧಿಕಾರ ಪಡೆದ ಅಧಿಕಾರಿ ಗಾಡಿಯನ್ನು ತೂಕದ ಕಾಟಾಕ್ಕೆ ಒಯ್ಯಿಸಬಹುದು. ಅದು ನೀವು ಹೋಗುವ ದಾರಿಯಿಂದ 10 ಕಿಲೊಮೀಟರಿನೊಳಗೆ ಅಥವಾ ತಲುಪುವ ಜಾಗದಿಂದ 20 ಕಿಲೊಮೀಟರಿನೊಳಗೆ ಇರಬೇಕು (ಕಲಮು 114). ‘ಕಾಟಾ ಚೀಟಿ ಮಾಡಿಸೋಣ ಸಾಹೇಬ್’ ಎಂದು ತಣ್ಣಗೆ ಹೇಳಿ. ಮಾಲು ನಿಜಕ್ಕೂ ಹೆಚ್ಚಿದ್ದರೆ ಮಾತ್ರ ಹೇಳಬೇಡಿ. ದಂಡ 20,000 ರೂಪಾಯಿ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000.

ಪ್ರಶ್ನೆ: ಬೆಂಗಳೂರಿನಿಂದ ವರ್ಗವಾಗಿ ಬಂದವನು. ಬೈಕ್ ಕೆಎ ನಂಬರಿನದು. ‘ಕರ್ನಾಟಕಚೀ ಗಾಡಿ’ ಎನ್ನುತ್ತಲೇ ಬದಿಗೆ ಕರೆಯುತ್ತಾರೆ. ಕಾಗದಗಳೆಲ್ಲ ಫೋನಿನಲ್ಲಿವೆ, ‘ಒರಿಜಿನಲ್ ದಾಖವಾ’ ಎನ್ನುತ್ತಾರೆ. (ಪಿಂಪ್ರಿ)

ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪಿನೊಳಗೆ ತೆರೆದು ತೋರಿಸಿದ ಲೈಸೆನ್ಸ್, ಆರ್‌ಸಿಗೆ ಮೂಲ ಕಾಗದದ್ದೇ ಬೆಲೆ. 2020ರ ಅಕ್ಟೋಬರ್ 1ರಿಂದ ನಿಯಮ ಇನ್ನೂ ಸ್ಪಷ್ಟ: ಆನ್‌ಲೈನಿನಲ್ಲಿ ತಾಳೆಯಾದ ಮೇಲೆ ಕಾಗದದ ಪ್ರತಿ ಕೇಳುವಂತಿಲ್ಲ. ತೊಂದರೆ ಬರುವುದು ಗ್ಯಾಲರಿಯಲ್ಲಿಟ್ಟ ಫೋಟೊ ಅಥವಾ ಸ್ಕ್ರೀನ್‌ಶಾಟ್ ತೋರಿಸಿದಾಗ. ಅದು ಬರೀ ಚಿತ್ರ, ದಾಖಲೆಯಲ್ಲ. ಫೋನನ್ನು ಕೈಗೆ ಕೊಡಬೇಡಿ, ಪರದೆ ಅವರತ್ತ ತಿರುಗಿಸಿ ಹಿಡಿಯಿರಿ. ಸಿಗ್ನಲ್ ಸಿಗದ ಕಡೆಯೂ ತೆರೆಯುವಂತೆ ಮನೆಯಿಂದ ಹೊರಡುವಾಗಲೇ ಒಮ್ಮೆ ಆ್ಯಪ್ ತೆರೆದಿರಲಿ.

ಒಂದು ರಾಜ್ಯದ ನೋಂದಣಿ ದೇಶವಿಡೀ ನಡೆಯುತ್ತದೆ, ಕೆಎ ಫಲಕವಿದೆ ಎಂಬುದೊಂದೇ ದಂಡಕ್ಕೆ ಕಾರಣವಾಗದು. ಆದರೆ ಗಾಡಿ 12 ತಿಂಗಳಿಗಿಂತ ಹೆಚ್ಚು ಮಹಾರಾಷ್ಟ್ರದಲ್ಲೇ ಇದ್ದರೆ ಹೊಸ ನಂಬರ್ ಪಡೆಯಬೇಕು (ಕಲಮು 47). ವರ್ಗಾವಣೆ ಪತ್ರ, ಗಾಡಿ ಸಾಗಿಸಿದ ರಶೀದಿ, ಇವು ನೀವು ಬಂದ ದಿನಕ್ಕೆ ಸಾಕ್ಷಿ. ಜೋಪಾನ ಮಾಡಿ. ಹೊಸ ನಂಬರಿಗೆ ಊರಿನ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿ ಫಾರಂ 27ರಲ್ಲಿ ಅರ್ಜಿ. ಕೆಲಸ ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಮೂರು ಕಡೆ. ಬೆಂಗಳೂರಿನಲ್ಲಿ ಕಟ್ಟದೆ ಉಳಿದ ಹಳೇ ದಂಡ, ಸಾಲ ತೀರಿದರೂ ಆರ್‌ಸಿಯಲ್ಲಿ ಉಳಿದ ಬ್ಯಾಂಕಿನ ಹೆಸರು, ಮತ್ತು ಮಸುಕಾದ ಚಾಸಿ ಪ್ರಿಂಟ್. ಕೊನೆಯದಕ್ಕೆ ಚಾಸಿ ನಂಬರಿನ ಮೇಲಿನ ಗ್ರೀಸನ್ನು ಬಟ್ಟೆಯಿಂದ ಒರೆಸಿ, ತೆಳು ಕಾಗದವಿಟ್ಟು ಪೆನ್ಸಿಲ್ಲನ್ನು ಅಡ್ಡಡ್ಡ ಉಜ್ಜಿ. ಮೊನೆ ಒತ್ತಿ ತೀಡಿದರೆ ಅಕ್ಷರ ಹರಿದು ಹೋಗುತ್ತದೆ.

ಪ್ರಶ್ನೆ: ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಸ್ಕೂಟರಿನಲ್ಲಿ ಬರುತ್ತೇನೆ. ಡಿಕ್ಕಿ ತೆಗೆಸಿ ನೋಡುತ್ತಾರೆ, ಒಮ್ಮೆ ಪರ್ಸ್ ಕೂಡ ಕೇಳಿದರು. ಬೇಡ ಎನ್ನಬಹುದೇ? (ಮೀರಾ ರೋಡ್)

ಇದು ಎಲ್ಲರೂ ಗೊಂದಲ ಮಾಡಿಕೊಳ್ಳುವ ಜಾಗ, ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಸಂಚಾರಿ ಪೊಲೀಸರಿಗೆ ಮೋಟಾರು ವಾಹನ ಕಾಯ್ದೆ ಕೊಟ್ಟಿರುವುದು ಕಾಗದ ನೋಡುವ, ಗಾಡಿಯ ಸ್ಥಿತಿ ನೋಡುವ ಅಧಿಕಾರ. ಪರ್ಸಿನಲ್ಲಿ ಏನಿದೆ ಎಂದು ನೋಡುವುದು ಶೋಧ, ಅದಕ್ಕೆ ಬೇರೆ ಕಾನೂನು ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಮು 185ರ ಪ್ರಕಾರ, ಯಾವುದೋ ಅಪರಾಧದ ತನಿಖೆಗಾಗಿ, ಠಾಣಾಧಿಕಾರಿ ಅಥವಾ ತನಿಖಾಧಿಕಾರಿ ಕಾರಣವನ್ನು ಬರೆದಿಟ್ಟು ಶೋಧ ಮಾಡಬೇಕು. ಕಲಮು 105ರ ಪ್ರಕಾರ ಶೋಧ ಮತ್ತು ಜಪ್ತಿಯ ದೃಶ್ಯ-ಧ್ವನಿ ಚಿತ್ರೀಕರಣ ಆಗಬೇಕು, ಮೊಬೈಲಿನಲ್ಲಾದರೂ ಸರಿ. ಹೆಂಗಸರ ಮೈತಪಾಸಣೆಯನ್ನು ಹೆಂಗಸರೇ, ಮರ್ಯಾದೆಗೆ ಕುಂದಿಲ್ಲದಂತೆ ಮಾಡಬೇಕು. ‘ಲೇಡಿ ಕಾನ್‌ಸ್ಟೇಬಲ್ ಬರಲಿ, ಕಾಯುತ್ತೇನೆ’ ಎಂದರೆ ಅದು ಅಡ್ಡಿಪಡಿಸಿದಂತಲ್ಲ.

ಮಾದಕ ವಸ್ತುವಿನ ಅನುಮಾನವಿದ್ದರೆ 1985ರ ಎನ್‌ಡಿಪಿಎಸ್ ಕಾಯ್ದೆ ಬರುತ್ತದೆ. ಖಾಸಗಿ ವಾಹನ ರಸ್ತೆಯಲ್ಲೇ ನಿಂತಿದ್ದರೂ ಅದಕ್ಕೆ ಕಲಮು 42ರ ಕಟ್ಟುಪಾಡು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಬೂಟಾ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆ ಕಲಮಿನಡಿ ಬರೀ ಕಾನ್‌ಸ್ಟೇಬಲ್‌ಗೆ ಶೋಧದ ಅಧಿಕಾರವಿಲ್ಲ, ಅದಕ್ಕಿಂತ ಮೇಲಿನ, ಅಧಿಕಾರ ಪಡೆದ ಅಧಿಕಾರಿ ಬೇಕು. ಮೈ ತಪಾಸಣೆಗೆ ಮುನ್ನ, ಬೇಕಿದ್ದರೆ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಮಾಡಿಸಿಕೊಳ್ಳುವ ಹಕ್ಕು ನಿಮಗಿದೆ ಎಂದು ತಿಳಿಸಲೇಬೇಕು (ಕಲಮು 50). ಈ ಹಕ್ಕು ಮೈಗೆ ಮಾತ್ರ, ಕೈಚೀಲಕ್ಕೂ ಡಿಕ್ಕಿಗೂ ಇಲ್ಲ. ಅಂತರ್ಜಾಲದ ‘ಹಕ್ಕು ತಿಳಿಯಿರಿ’ ವಿಡಿಯೊಗಳು ಬಹುಪಾಲು ಎಡವುವುದು ಇಲ್ಲಿ.

ಇನ್ನೊಂದು ಕಹಿ ಮಾತು. ನಮ್ಮ ದೇಶದಲ್ಲಿ ಶೋಧದ ಕ್ರಮ ತಪ್ಪಿತ್ತು ಎಂಬ ಒಂದೇ ಕಾರಣಕ್ಕೆ ಸಿಕ್ಕ ವಸ್ತುವನ್ನು ಕೋರ್ಟು ಸಾಮಾನ್ಯವಾಗಿ ಪಕ್ಕಕ್ಕಿಡುವುದಿಲ್ಲ. ಸುಪ್ರೀಂ ಕೋರ್ಟಿನ ಪೂರನ್ ಮಲ್ ಪ್ರಕರಣದಿಂದ ಈಚೆಗೆ ಇದೇ ನಿಲುವು. ಹಾಗಾಗಿ ರಾತ್ರಿ ಒಂದೂವರೆಗೆ ರಸ್ತೆಯಲ್ಲಿ ಕಲಮು ಹಿಡಿದು ಜಗ್ಗಾಡುವುದು ನಮ್ಮ ಲೆಕ್ಕದಲ್ಲಿ ಬುದ್ಧಿವಂತಿಕೆಯಲ್ಲ. ‘ಯಾವ ಕಾರಣಕ್ಕೆ?’ ಎಂದು ಒಂದು ಸಲ ಕೇಳಿ. ‘ನನ್ನ ಒಪ್ಪಿಗೆ ಇಲ್ಲ, ಆದರೆ ತಡೆಯುವುದಿಲ್ಲ’ ಎಂದು ಕೇಳಿಸುವಂತೆ ಹೇಳಿ. ಡಿಕ್ಕಿಯನ್ನು ನೀವೇ ತೆರೆಯಿರಿ. ಅವರು ಕೈ ಹಾಕುವ ಮೊದಲೇ ರೇನ್‌ಕೋಟ್, ಡಬ್ಬಿ, ಕಾಗದದ ಚೀಲ ಒಂದೊಂದಾಗಿ ಹೊರಗೆ ತೆಗೆದು ಸೀಟಿನ ಮೇಲೆ ಇಡಿ. ಡಿಕ್ಕಿಯ ತಳ ಕಾಣುವಂತಾದ ಮೇಲೆ ಕೈ ಹಾಕಲು ಏನೂ ಉಳಿಯುವುದಿಲ್ಲ. ಕಣ್ಣು ಗಾಡಿಯ ಮೇಲಿರಲಿ, ಮಾತಾಡಿಸಿ ಅತ್ತ ತಿರುಗಿಸಲು ಬಿಡಬೇಡಿ.

ಏನಾದರೂ ಜಪ್ತಿಯಾದರೆ ಪಂಚನಾಮೆ ಮರಾಠಿಯಲ್ಲಿರುತ್ತದೆ. ಓದಲು ಬಾರದಿದ್ದರೆ ಸಹಿಯ ಮೇಲೆ ಕನ್ನಡದಲ್ಲೇ ‘ಮರಾಠಿ ಓದಲು ಬರುವುದಿಲ್ಲ’ ಎಂದು ಬರೆಯಿರಿ. ಖಾಲಿ ಸಾಲು ಬಿಟ್ಟಿದ್ದರೆ ಗೀಟು ಹೊಡೆಯಲು ಹೇಳಿ. ಪ್ರತಿ ಕೇಳಿ ಪಡೆಯಿರಿ.

ಪ್ರಶ್ನೆ: ಕೆಮ್ಮಿನ ಸಿರಪ್ ಕುಡಿದಿದ್ದೆ, ಊದಿಸಿದಾಗ ಯಂತ್ರ ಕೂಗಿತು. ಊದುವುದಿಲ್ಲ ಎನ್ನಬಹುದಿತ್ತೇ? (ಭಾಂಡುಪ್)

ಎನ್ನಬಹುದಿತ್ತು, ಆದರೆ ಸರಿಯಾದ ಕಾರಣವಿಲ್ಲದೆ ಒಲ್ಲೆ ಎಂದರೆ ಅದನ್ನೇ ನಿಮ್ಮ ವಿರುದ್ಧದ ಸಾಕ್ಷ್ಯಕ್ಕೆ ಬಲವಾಗಿ ಬಳಸಬಹುದು (ಮೋಟಾರು ವಾಹನ ಕಾಯ್ದೆಯ ಕಲಮು 205). ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯಸಾರ. ಸಿರಪ್, ಅರಿಷ್ಟ, ಮೌತ್‌ವಾಶ್ ಬಾಯಿಯಲ್ಲಿ ಉಳಿದರೆ ಸ್ವಲ್ಪ ಹೊತ್ತು ಯಂತ್ರ ಹೆಚ್ಚು ತೋರಿಸುತ್ತದೆ. ನೀರಿನಲ್ಲಿ ಬಾಯಿ ಮುಕ್ಕಳಿಸಿ, 15 ನಿಮಿಷ ಬಿಟ್ಟು ಇನ್ನೊಮ್ಮೆ ಊದುತ್ತೇನೆ ಎಂದು ಕೇಳಿ. ಹೊಸ ನಳಿಕೆ ನಿಮ್ಮೆದುರೇ ಬಿಚ್ಚಲಿ. ಆಗಲೂ ಒಪ್ಪಿಗೆಯಾಗದಿದ್ದರೆ ರಕ್ತ ಪರೀಕ್ಷೆ ಕೇಳಿ. ಬಂಧಿಸಿದರೆ 2 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಲೇಬೇಕು, ಆಗದಿದ್ದರೆ ಬಿಡಬೇಕು (ಅದೇ ಕಾಯ್ದೆಯ ಕಲಮು 202). ಹಿಡಿದ ಹೊತ್ತನ್ನು ಮನೆಯವರಿಗೆ ಮೆಸೇಜ್ ಮಾಡಿಬಿಡಿ, ಗಡಿಯಾರಕ್ಕೆ ಅದೇ ಸಾಕ್ಷಿ. ಈ ಅಪರಾಧಕ್ಕೆ ಸ್ಥಳದಲ್ಲೇ ದಂಡ ಕಟ್ಟಿ ಮುಗಿಸುವ ದಾರಿ ಕಾನೂನಿನಲ್ಲಿ ಇಲ್ಲ, ಕೋರ್ಟಿಗೇ ಹೋಗಬೇಕು. ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಸಜೆ ಅಥವಾ ಎರಡೂ. ‘ಇಲ್ಲೇ ಮುಗಿಸೋಣ’ ಎಂದವರು ಮುಗಿಸುವುದು ನಿಮ್ಮ ಜೇಬನ್ನು.

ಪ್ರಶ್ನೆ: ಬಾಗಲಕೋಟೆಯಿಂದ ನೆಂಟರು ಬರುತ್ತಿದ್ದಾರೆ. ಪರಿಚಯದವರ ಸ್ಕೂಟರ್ ದಿನದ ಬಾಡಿಗೆಗೆ ಕೊಡಿಸಿದರೆ ಆಗದೇ? ಹೋಗುವಾಗ ನಾಲ್ಕು ಬಾಟಲಿಯನ್ನೂ ಒಯ್ಯಬೇಕಂತೆ. (ವಾಸ್ಕೊ)

ಸ್ಕೂಟರಿನ ಫಲಕ ಬಿಳಿಯಾಗಿದ್ದರೆ ಬೇಡ. ಬಾಡಿಗೆಗೆ ಕೊಡುವ ಗಾಡಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಫಲಕದ ಗಾಡಿಯನ್ನು ಬಾಡಿಗೆಗೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ ಕಲಮು 192ಎ, 10,000 ರೂಪಾಯಿ ದಂಡ, ಕೊಟ್ಟ ಮಾಲೀಕರನ್ನೂ ಓಡಿಸಿದವರನ್ನೂ ಹಿಡಿಯಬಹುದು. ಅಪಘಾತವಾದರೆ ವಿಮೆಯವರು ಕೈ ಎತ್ತಲು ಇದೇ ಸಾಕು. ‘ಸ್ನೇಹಿತರ ಗಾಡಿ’ ಎನ್ನಿ ಎಂದು ಬಾಡಿಗೆಯವರು ಹೇಳಿಕೊಡುತ್ತಾರೆ. ಪೊಲೀಸರು ಸ್ನೇಹಿತರ ಹೆಸರು ಕೇಳಿದಾಗ ನೆಂಟರು ತಡವರಿಸುತ್ತಾರೆ. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು, ಎರಡು ಕೇಳಿ ಪಡೆಯಿರಿ.

ಬಾಟಲಿಯ ಮಾತು ಬೇರೆ. ಅಂಗಡಿ ಬಿಲ್ಲು ಪರವಾನಗಿಯಲ್ಲ. ಗಡಿಯ ತಪಾಸಣಾ ನಾಕೆಗಳು ಕರ್ನಾಟಕದ ಕಡೆ ಮಾಜಾಳಿ, ಅನಮೋಡ. ಮಹಾರಾಷ್ಟ್ರದ ಕಡೆ ಬಾಂದಾ, ಇನ್ಸುಲಿ. ಅಲ್ಲಿ ನೋಡುವುದು ಅಬಕಾರಿಯವರು, ಸಂಚಾರಿ ಪೊಲೀಸರಲ್ಲ, ಅವರ ಶೋಧದ ಅಧಿಕಾರ ದೊಡ್ಡದು. ಗೋವಾ ಮದ್ಯ ಸಿಕ್ಕಿದರೆ ಗಾಡಿಯೂ ಜಪ್ತಿಯಾಗುತ್ತದೆ. ಕುಡಿಯುವುದಿದ್ದರೆ ಅಲ್ಲೇ ಕುಡಿದು, ಬಸ್ಸಿನಲ್ಲಿ ಊರಿಗೆ ಹೋಗಲಿ.

ಪ್ರಶ್ನೆ: ನಾನು ಹೋಗದೇ ಇದ್ದ ಸಿಗ್ನಲ್‌ಗೆ ಇ-ಚಲನ್ ಬಂದಿದೆ. ಮೊದಲು ಕಟ್ಟಿ ಆಮೇಲೆ ದೂರು ಕೊಡಲೇ? (ಕೋಥ್ರೂಡ್)

ಕಟ್ಟಬೇಡಿ, ಕಟ್ಟಿದರೆ ಒಪ್ಪಿಕೊಂಡಂತೆ, ಪ್ರಕರಣ ಮುಗಿಯಿತು. ಮಹಾರಾಷ್ಟ್ರ ಸಂಚಾರ ಪೊಲೀಸರ ಇ-ಚಲನ್ ಜಾಲತಾಣದಲ್ಲಿ ಗಾಡಿ ನಂಬರ್ ಮತ್ತು ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ 4 ಅಂಕಿ ಹಾಕಿ ಫೋಟೊ ತೆರೆಯಿರಿ. ನಂಬರ್ ನಿಮ್ಮದೇ ಆದರೂ ಗಾಡಿ ನೋಡಿ. ಬಣ್ಣ, ಕನ್ನಡಿ, ಸ್ಟಿಕರ್, ಮಡ್‌ಗಾರ್ಡ್ ಬೇರೆಯಾಗಿದ್ದರೆ ಯಾರೋ ನಿಮ್ಮ ನಂಬರ್ ಹಾಕಿಕೊಂಡಿದ್ದಾರೆ. ನಿಮ್ಮ ಗಾಡಿಯ ಅದೇ ಕೋನದ ಫೋಟೊ, ಆರ್‌ಸಿ ಜೋಡಿಸಿ ಅಲ್ಲಿಯೇ ತಕರಾರು ದಾಖಲಿಸಿ, ಠಾಣೆಗೂ ಬರಹದಲ್ಲಿ ದೂರು ಕೊಟ್ಟು ಪೋಚ್ (ಸ್ವೀಕೃತಿ ಚೀಟಿ) ಪಡೆಯಿರಿ. ಪೊಲೀಸರು ತಮ್ಮ ಸ್ವಂತ ಮೊಬೈಲಿನಲ್ಲಿ ಫೋಟೊ ಹೊಡೆದು ಚಲನ್ ಮಾಡಬಾರದೆಂದು 2025ರಲ್ಲಿ ರಾಜ್ಯದ ಸಂಚಾರ ವಿಭಾಗ ಸುತ್ತೋಲೆ ಹೊರಡಿಸಿದೆ, ಹಾಗಾಗಿದ್ದರೆ ಅದನ್ನೂ ಬರೆಯಿರಿ. ವಾಟ್ಸ್ಆ್ಯಪಿನಲ್ಲಿ ಚಲನ್ ಎಂದು ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಮುಟ್ಟಬೇಡಿ, ಅದು ಖಾತೆ ಬರಿದು ಮಾಡುವ ಕಳ್ಳರದು.

ಪ್ರಶ್ನೆ: ತಪಾಸಣೆಯ ವಿಡಿಯೊ ಮಾಡಬಹುದೇ? ‘ಚಹಾ-ಪಾಣಿ’ ಕೇಳಿದರೆ? (ಠಾಣೆ)

ಸಾರ್ವಜನಿಕ ರಸ್ತೆಯಲ್ಲಿ ಚಿತ್ರೀಕರಣಕ್ಕೆ ನಿಷೇಧವಿಲ್ಲ. ಪೊಲೀಸ್ ಠಾಣೆ ಕೂಡ ಅಧಿಕೃತ ರಹಸ್ಯ ಕಾಯ್ದೆಯ ‘ನಿಷೇಧಿತ ಸ್ಥಳ’ ಅಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಹೇಳಿದೆ. ಆದರೆ ಮುಖಕ್ಕೆ ಫೋನು ಚಾಚಬೇಡಿ, ತಳ್ಳಾಟವಾದರೆ ಕರ್ತವ್ಯಕ್ಕೆ ಅಡ್ಡಿ ಎಂಬ ಗುನ್ಹೆ ನಿಮ್ಮ ಮೇಲೆ ಬೀಳುತ್ತದೆ. ಎದೆಮಟ್ಟದಲ್ಲಿ ಹಿಡಿದು ಎರಡು ಹೆಜ್ಜೆ ಹಿಂದೆ ನಿಲ್ಲಿ, ಹೆಸರಿನ ಪಟ್ಟಿ ಒಮ್ಮೆ ಬಂದರೆ ಸಾಕು.

ಹಣ ಕೇಳಿದರೆ ‘ಮಶೀನ್‌ನಲ್ಲಿ ಪಾವತಿ ದ್ಯಾ’, ಅಂದರೆ ಯಂತ್ರದಿಂದ ರಶೀದಿ ಕೊಡಿ, ಎನ್ನಿ. ಅಲ್ಲಿಗೆ ಬಹಳಷ್ಟು ಸಲ ಗಾಡಿ ಬಿಡುತ್ತಾರೆ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ತಿಳಿಸಿದರೆ ಮಾತ್ರ ಬಚಾವ್. ಮಹಾರಾಷ್ಟ್ರದ ಭ್ರಷ್ಟಾಚಾರ ನಿಗ್ರಹ ದಳದ ಸಂಖ್ಯೆ 1064. ಕರೆ ಮಾಡುವ ಮುನ್ನ ಜಾಗ, ಹೊತ್ತು, ಹೆಸರಿನ ಪಟ್ಟಿಯಲ್ಲಿದ್ದದ್ದು, ಜೀಪಿನ ನಂಬರ್ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೊದಲು ಅದನ್ನೇ ಕೇಳುತ್ತಾರೆ.