ಹಾಲಿ ಶಾಸಕರಿಗೆ ಮತ್ತೆ ಗೆಲ್ಲುವುದು ಸುಲಭವೇ?

ಅಮೆರಿಕದ ರಾಜ್ಯಗಳಲ್ಲಿ ಹಾಲಿ ಶಾಸಕರು ಸೋಲುವುದೇ ಅಪರೂಪ, ಕರ್ನಾಟಕದಲ್ಲೂ ಹಾಗೇನಾ ಅಂತ ಕೇಳಿದ್ದೀರಿ. ನನಗೆ ಕಂಡಂತೆ ಇಲ್ಲ. ಅಲ್ಲಿ ಎಷ್ಟೋ ರಾಜ್ಯಗಳಲ್ಲಿ ಕ್ಷೇತ್ರದ ಗಡಿ ಹಾಕುವವರೇ ಶಾಸಕರು, ಎಷ್ಟೋ ಕಡೆ ಎದುರಾಳಿಯೇ ಇರುವುದಿಲ್ಲ. ನಮ್ಮಲ್ಲಿ ಗಡಿ ಕೆಲಸ ಪುನರ್ವಿಂಗಡಣಾ ಆಯೋಗದ್ದು. ಎದುರಾಳಿಗಳಿಗಂತೂ ಬರವಿಲ್ಲ ಬಿಡಿ.

ಹಾಗಂತ ಕುರ್ಚಿಯಿಂದ ಲಾಭವೇ ಇಲ್ಲ ಅಂತಲ್ಲ. ಕ್ಷೇತ್ರದ ಕೆಲಸಗಳಿಗೆ ಶಾಸಕರಿಗೆ ಸಿಗುವ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ ಇದೆ. ಅದಕ್ಕಿಂತ ಜಾಸ್ತಿ ಹಿಡಿತ ಸಮಿತಿಗಳಲ್ಲಿದೆ. ಸರ್ಕಾರಿ ಜಮೀನು ಉಳುತ್ತಿರುವವರ ಅರ್ಜಿ ನೋಡುವ ಬಗರ್ ಹುಕುಂ ಸಮಿತಿ, ಬಡವರಿಗೆ ಮನೆ ಹಂಚುವ ಆಶ್ರಯ ಸಮಿತಿ ಎರಡಕ್ಕೂ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು. ಜಮೀನು ಮಂಜೂರಾದ ಸಾಗುವಳಿ ಚೀಟಿ ಯಾರಿಗೆ, ಮನೆ ಯಾರಿಗೆ ಅನ್ನುವುದರಲ್ಲಿ ಅವರ ಮಾತು ನಡೆಯುತ್ತದೆ.

ಪೇಚಿಗೆ ಸಿಕ್ಕುವುದೂ ಅಲ್ಲೇ. ಊರಿಗೆ ಇಪ್ಪತ್ತು ಮನೆ ಬಂದರೆ ಅರ್ಜಿ ಇನ್ನೂರು ಇರುತ್ತವೆ. ಸಿಕ್ಕವನು "ಸರ್ಕಾರ ಕೊಟ್ಟಿತು" ಅಂತಾನೆ. ಸಿಗದವನು "ಎಂಎಲ್‌ಎ ತಪ್ಪಿಸಿದ" ಅಂತಾನೆ, ಐದು ವರ್ಷ ಮರೆಯುವುದೂ ಇಲ್ಲ. ಸೋತು ಮನೆಯಲ್ಲಿ ಕೂತವರಿಗೆ ಈ ತಲೆನೋವಿಲ್ಲ. ಮದುವೆಗೆ, ತಿಥಿಗೆ ಬಂದು ಕೈಮುಗಿದು "ಮುಂದಿನ ಸಲ ಮಾಡಿಸೋಣ" ಅಂದರಾಯ್ತು.

ಅಥಣಿ ನೋಡಿ. 2018ರಲ್ಲಿ ಬಿಜೆಪಿಯ ಲಕ್ಷ್ಮಣ ಸವದಿ ಅಲ್ಲಿ ಕಾಂಗ್ರೆಸ್‌ನ ಮಹೇಶ ಕುಮಠಳ್ಳಿ ಎದುರು ಸೋತರು. ಆಮೇಲೆ ಕುಮಠಳ್ಳಿಯೂ ಬಿಜೆಪಿಗೆ ಬಂದರು. 2023ರಲ್ಲಿ ಬಿಜೆಪಿ ಟಿಕೆಟ್ ಹಾಲಿ ಶಾಸಕ ಕುಮಠಳ್ಳಿಗೇ ಹೋಯಿತು. ಸವದಿ ಕಾಂಗ್ರೆಸ್‌ಗೆ ಹೋಗಿ ಭಾರೀ ಅಂತರದಲ್ಲಿ ಗೆದ್ದರು. ಅದೇ ಚುನಾವಣೆಯಲ್ಲಿ ಹುಬ್ಬಳ್ಳಿಯ ಹಾಲಿ ಬಿಜೆಪಿ ಶಾಸಕ ಜಗದೀಶ ಶೆಟ್ಟರ್ ಕೂಡ ಟಿಕೆಟ್ ಸಿಗದೆ ಕಾಂಗ್ರೆಸ್ ಸೇರಿದರು. ಮಾಜಿ ಮುಖ್ಯಮಂತ್ರಿ, ಆರು ಸಲ ಗೆದ್ದವರು. ಆದರೂ ಹುಬ್ಬಳ್ಳಿ ಜನ ಅವರನ್ನು ಬಿಟ್ಟು ಬಿಜೆಪಿಯ ಹೊಸಬರನ್ನು ಗೆಲ್ಲಿಸಿದರು. ಅಂದರೆ ಅಥಣಿಯಲ್ಲಿ ಜನ ವೋಟು ಹಾಕಿದ್ದು ವ್ಯಕ್ತಿ ನೋಡಿ, ಹುಬ್ಬಳ್ಳಿಯಲ್ಲಿ ಪಕ್ಷ ನೋಡಿ. ಎರಡೂ ಕಡೆ ಶಾಸಕಗಿರಿ ಕೈಹಿಡಿಯಲಿಲ್ಲ.

ಆಳುವ ಪಕ್ಷದ ಕಥೆ ಇನ್ನೂ ಕಷ್ಟ. ಸ್ವಂತ ಬಲದಲ್ಲಿ ಸರ್ಕಾರ ಉಳಿಸಿಕೊಂಡ ಕೊನೆಯವರು ರಾಮಕೃಷ್ಣ ಹೆಗಡೆ, 1985ರಲ್ಲಿ. (2004ರಲ್ಲಿ ಕಾಂಗ್ರೆಸ್ ಮತ್ತೆ ಬಂತಲ್ಲ ಅನ್ನಬೇಡಿ, ಅದು ಜೆಡಿಎಸ್ ಹೆಗಲ ಮೇಲೆ.) ಮಲ್ಲಿಕಾರ್ಜುನ ಖರ್ಗೆಯವರ ಹಾಗೆ 1972ರಿಂದ 2008ರವರೆಗೆ ಸತತ ಒಂಬತ್ತು ಸಲ ಗೆದ್ದವರೂ ಇದ್ದಾರೆ, ಆದರೆ ಅಂಥವರು ಬೆರಳೆಣಿಕೆ.

ಪಕ್ಷಗಳಿಗೂ ಇದು ಗೊತ್ತು. ಅದಕ್ಕೇ ಟಿಕೆಟ್‌ಗೆ ಮುಂಚೆ ಸರ್ವೇ ಮಾಡಿಸುತ್ತಾರೆ. ಗುಜರಾತಿನಲ್ಲಿ 2022ರಲ್ಲಿ ಬಿಜೆಪಿ ಹತ್ತಾರು ಹಾಲಿ ಶಾಸಕರನ್ನು ಕೈಬಿಟ್ಟು 182ರಲ್ಲಿ 156 ಗೆದ್ದಿತು. ಮರುವರ್ಷ ಇಲ್ಲೂ ಹೊಸ ಮುಖಗಳನ್ನು ಇಳಿಸಿತು. ಬಂದದ್ದು 224ರಲ್ಲಿ 66.